ಎಕ್ಸ್‌ರೇ ಫಿಲ್ಮ್ ಪೇಲವವಾದರೆ ಎಂಎಎಸ್ ಏರಿಸಬೇಡಿ, ಸ್ಕ್ರೀನಿನ ಬೆಳಕು ನೋಡಿ

ಪ್ರಶ್ನೆ (ಪಾವಗಡ, ಎಕ್ಸ್‌ರೇ ಟೆಕ್ನಿಷಿಯನ್): ಮೇಡಂ, ನಮ್ಮಲ್ಲಿ ಇನ್ನೂ ಫಿಲ್ಮು, ಡಾರ್ಕ್ ರೂಮೇ. ಹೊಸ ಫಿಲ್ಮ್ ಡಬ್ಬ ತಂದಾಗಿನಿಂದ ಎಲ್ಲಾ ಪೇಲವ ಬರ್ತಿದೆ. ಡೆವಲಪರ್ (ಫಿಲ್ಮ್ ತೊಳೆಯುವ ದ್ರಾವಣ) ಹೊಸದು, ಕೆವಿ (ಎಕ್ಸ್‌ರೇ ಎಷ್ಟು ತೂರುತ್ತೆ ಅನ್ನೋದನ್ನು ನಿರ್ಧರಿಸುವ ವೋಲ್ಟೇಜ್) ಮೊದಲಿನಷ್ಟೇ. ಎಂಎಎಸ್ (ಎಕ್ಸ್‌ರೇ ಪ್ರಮಾಣ) ಎರಡರಷ್ಟು ಕೊಟ್ಟರೆ ಪರವಾಗಿಲ್ಲ ಅನ್ನಿಸುತ್ತೆ. ಫಿಲ್ಮ್ ಹಾಕುವ ಎರಡು ಕ್ಯಾಸೆಟ್‌ನಲ್ಲಿ ಪ್ರತಿ ಸಲ ಒಂದೇ ಜಾಗದಲ್ಲಿ ಬಿಳಿ ಚುಕ್ಕೆ ಬೇರೆ. ಎಲ್ಲಿಂದ ಶುರು ಮಾಡಲಿ?

ಉತ್ತರ (ತುಮಕೂರು, ಮೆಡಿಕಲ್ ಫಿಸಿಸಿಸ್ಟ್): ಮೊದಲು ಎಂಎಎಸ್ ಏರಿಸೋದು ನಿಲ್ಲಿಸಿ. ಏರಿಸಿದ್ದೆಲ್ಲ ರೋಗಿಯ ಮೈಮೇಲೆ ಹೋಗುತ್ತೆ, ದೋಷ ಮಾತ್ರ ಇದ್ದಲ್ಲೇ ಇರುತ್ತೆ.

ಕ್ಯಾಸೆಟ್ ಒಳಗೆ ಫಿಲ್ಮನ್ನು ಕಪ್ಪಾಗಿಸೋದು ಬಹುಪಾಲು ಎಕ್ಸ್‌ರೇ ಅಲ್ಲ, ಫಿಲ್ಮಿಗೆ ಒತ್ತಿಕೊಂಡ ಸ್ಕ್ರೀನು (ಎಕ್ಸ್‌ರೇ ಬಿದ್ದರೆ ಹೊಳೆಯುವ ಹಾಳೆ) ಕೊಡುವ ಬೆಳಕು. ನೇರ ಎಕ್ಸ್‌ರೇ ಪಾಲು ಶೇಕಡ 5ರ ಆಸುಪಾಸು ಅಷ್ಟೇ. ಹಾಗಾಗಿ ಸ್ಕ್ರೀನ್ ಯಾವ ಬಣ್ಣ ಕೊಡುತ್ತೋ ಫಿಲ್ಮ್ ಆ ಬಣ್ಣಕ್ಕೆ ಸ್ಪಂದಿಸಬೇಕು. ಹಳೇ ಕ್ಯಾಲ್ಸಿಯಂ ಟಂಗ್‌ಸ್ಟೇಟ್ ಸ್ಕ್ರೀನ್ ನೀಲಿ-ನೇರಳೆ ಕೊಡುತ್ತೆ. ಟರ್ಬಿಯಂ ಬೆರೆಸಿದ ಗ್ಯಾಡೋಲಿನಿಯಂ ಆಕ್ಸಿಸಲ್ಫೈಡ್ ಸ್ಕ್ರೀನ್ ಹಸಿರು, ಮುಖ್ಯವಾಗಿ 545 ನ್ಯಾನೋಮೀಟರ್ ಹತ್ತಿರ. ನೀಲಿಗೆ ಮಾತ್ರ ಸ್ಪಂದಿಸುವ ಫಿಲ್ಮಿಗೆ ಈ ಹಸಿರು ಬಹುಮಟ್ಟಿಗೆ ಕಾಣೋದೇ ಇಲ್ಲ. ಡಬ್ಬ ಬದಲಾದ ದಿನದಿಂದಲೇ ಪೇಲವ ಅಂತೀರಿ, ಆದ್ದರಿಂದ ನನ್ನ ಅನುಮಾನ ಇದರ ಮೇಲೇ.

ಲೇಬಲ್ ಅಳಿಸಿಹೋಗಿದ್ದರೆ ಕಣ್ಣಿಂದಲೇ ನೋಡಬಹುದು. ಕ್ಯಾಸೆಟ್ ಖಾಲಿ ಮಾಡಿ, ಪುಸ್ತಕದ ಹಾಗೆ ಬಿಚ್ಚಿ ಟೇಬಲ್ ಮೇಲಿಡಿ. ರೂಮಲ್ಲಿ ಯಾರೂ ಇರಬಾರದು, ಬಾಗಿಲು ಮುಚ್ಚಿರಬೇಕು. ಲೈಟ್ ಆರಿಸಿ, ಕಂಟ್ರೋಲ್ ಕಡೆಯ ಲೆಡ್ ಗ್ಲಾಸ್ ಹಿಂದೆ ನಿಂತು ಐದು ನಿಮಿಷ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ. ಆಮೇಲೆ 70 ಕೆವಿ, 10 ಎಂಎಎಸ್ ಒಂದು ಎಕ್ಸ್‌ಪೋಷರ್ ಕೊಡಿ. ಭತ್ತದ ಸಸಿಮಡಿಯ ಎಳೆ ಹಸಿರು ಫಕ್ಕನೆ ಹೊಳೆದು ಆರಿದರೆ ಗ್ಯಾಡೋಲಿನಿಯಂ. ಮಂಕು ನೀಲಿ-ನೇರಳೆ ಆದರೆ ಹಳೇ ಟಂಗ್‌ಸ್ಟೇಟ್ ಇರಬಹುದು. ಲ್ಯಾಂಥನಮ್ ಜಾತಿಯ ಕೆಲವೂ ನೀಲಿಯೇ, ಆದರೆ ಹೊಳಪು ಜಾಸ್ತಿ. ಬೆಳಕು ಎಲ್ಲಾ ಕಡೆ ಒಂದೇ ಸಮ ಇದೆಯಾ ಅಂತಲೂ ಆಗಲೇ ಗಮನಿಸಿ. ಮಂಕಾದ ತೇಪೆ ಕಂಡರೆ ಆ ಸ್ಕ್ರೀನಿನ ಕಾಲ ಮುಗಿದಿದೆ.

ಹಸಿರಿಗೆ ಸ್ಪಂದಿಸುವ ಫಿಲ್ಮಿನ ಡಬ್ಬದ ಮೇಲೆ ‘ಆರ್ಥೋ’ ಅಥವಾ ‘ಗ್ರೀನ್ ಸೆನ್ಸಿಟಿವ್’ ಅಂತ ಇರುತ್ತೆ. ಆ ಫಿಲ್ಮಿಗೆ ಬದಲಾದರೆ ಡಾರ್ಕ್ ರೂಮಿನ ಸೇಫ್‌ಲೈಟೂ (ಫಿಲ್ಮ್ ಕೆಡಿಸದ ಮಂದ ದೀಪ) ಬದಲಾಗಬೇಕು. ನೀಲಿ ಫಿಲ್ಮಿಗೆ ನಡೆಯುತ್ತಿದ್ದ ಅಂಬರ್ ಫಿಲ್ಟರ್ ಕೆಳಗೆ ಹಸಿರು ಫಿಲ್ಮ್ ಹಿಡಿದರೆ ಇಡೀ ಫಿಲ್ಮ್ ಬೂದು ತಿರುಗುತ್ತೆ, ಕೆಂಪು ಫಿಲ್ಟರೇ ಬೇಕು.

ಇನ್ನು ಬಿಳಿ ಚುಕ್ಕೆ. ಅದು ಸ್ಕ್ರೀನ್ ಮೇಲಿನ ಧೂಳು ಅಥವಾ ಒಣಗಿದ ಡೆವಲಪರ್ ಹನಿ. ಬೆಳಕಿಗೆ ಅಡ್ಡ ಕೂರುತ್ತೆ, ಅಷ್ಟು ಜಾಗ ಫಿಲ್ಮ್ ಕಪ್ಪಾಗಲ್ಲ. ಎದೆಯ ಫಿಲ್ಮಲ್ಲಾದರೆ ಕ್ಯಾಲ್ಸಿಫಿಕೇಶನ್ (ಸುಣ್ಣಗಟ್ಟಿದ್ದು) ಅಂತ ಓದುವ ಅಪಾಯ ಇದೆ. ಸ್ಕ್ರೀನ್ ಕಂಪನಿಯ ಕ್ಲೀನರನ್ನು ನೂಲು ಬಿಡದ ಬಟ್ಟೆಗೆ ಹಾಕಿ ಒರೆಸಿ, ನೇರವಾಗಿ ಸ್ಕ್ರೀನ್ ಮೇಲೆ ಸುರಿಯಬೇಡಿ. ಉಗುರಲ್ಲಿ ಕೆರೆದರೆ ಮೇಲ್ಪದರ ಕಿತ್ತು ಚುಕ್ಕೆ ಶಾಶ್ವತ ಆಗುತ್ತೆ. ಕ್ಯಾಸೆಟ್ ಬಿಚ್ಚಿ ನಿಲ್ಲಿಸಿ, ಪೂರ್ತಿ ಒಣಗಿದ ಮೇಲೇ ಫಿಲ್ಮ್ ಹಾಕಿ. ಒದ್ದೆ ಇದ್ದರೆ ಫಿಲ್ಮಿನ ಲೇಪ ಸ್ಕ್ರೀನಿಗೇ ಅಂಟಿಕೊಳ್ಳುತ್ತೆ. ಪ್ರತಿ ಸ್ಕ್ರೀನಿನ ಮೂಲೆಯಲ್ಲಿ, ಕ್ಯಾಸೆಟ್ ಹೊರಗೂ ಒಂದೇ ನಂಬರ್ ಬರೆದಿಡಿ. ಚುಕ್ಕೆ ಯಾವ ಕ್ಯಾಸೆಟ್‌ದು ಅಂತ ಫಿಲ್ಮೇ ಹೇಳುತ್ತೆ.

ಪ್ರಶ್ನೆ (ಅದೇ ಪಾವಗಡ): ಫ್ಲೋರೋಸಿಸ್ (ನೀರಿನ ಫ್ಲೋರೈಡ್‌ನಿಂದ ಎಲುಬು ಕೆಡುವ ರೋಗ) ಅನುಮಾನಕ್ಕೆ ಮುಂಗೈ ಫಿಲ್ಮ್ ತುಂಬಾ ತೆಗೀತೀವಿ ಮೇಡಂ. ಎರಡು ಎಲುಬಿನ ನಡುವೆ ಅಂಚು ಸರಿಯಾಗಿ ಕಾಣಲ್ಲ ಅಂತ ಡಾಕ್ಟರ್ ಹೇಳ್ತಾರೆ.

ಉತ್ತರ: ಎದೆಗೂ ಹೊಟ್ಟೆಗೂ ಬಳಸುವ 400 ಸ್ಪೀಡ್ ಸ್ಕ್ರೀನಲ್ಲೇ ತೆಗೀತಿದ್ದರೆ ಕಾಣೋದು ಕಷ್ಟ. ಸ್ಪೀಡ್ ಅಂದರೆ ಕಡಿಮೆ ಎಕ್ಸ್‌ರೇಗೇ ಫಿಲ್ಮ್ ಕಪ್ಪಾಗಿಸುವ ಶಕ್ತಿ, ಅದು ಹೆಚ್ಚಿರುವ ಸ್ಕ್ರೀನಿನ ಪದರ ದಪ್ಪ. ಒಳಗೆ ಹುಟ್ಟಿದ ಬೆಳಕು ಫಿಲ್ಮ್ ಮುಟ್ಟುವಷ್ಟರಲ್ಲಿ ಪಕ್ಕಕ್ಕೂ ಹರಡುತ್ತೆ, ಅಂಚು ಕರಗುತ್ತೆ. ನೀವು ಹುಡುಕುತ್ತಿರೋದು ಮುಂಗೈಯ ಆ ಎರಡು ಎಲುಬು, ರೇಡಿಯಸ್, ಅಲ್ನಾ ನಡುವಿನ ಪೊರೆ ಸುಣ್ಣಗಟ್ಟಿದ ಸಣ್ಣ ಮುಳ್ಳುಗಳನ್ನು. ಅದಕ್ಕೆ 100 ಸ್ಪೀಡಿನ ಡೀಟೇಲ್ ಸ್ಕ್ರೀನ್ ಒಂದನ್ನು ಬೇರೆಯೇ ಇಟ್ಟುಕೊಳ್ಳಿ. ಎಂಎಎಸ್ ನಾಲ್ಕರಷ್ಟು ಬೇಕಾಗುತ್ತೆ. ಮುಂಗೈ ತೆಳು, ಒಟ್ಟು ಪ್ರಮಾಣ ಕಡಿಮೆಯೇ, ಇಲ್ಲಿ ಆ ಹೆಚ್ಚುವರಿಗೆ ಅರ್ಥ ಇದೆ.

ಅದಕ್ಕೂ ಮೊದಲು ಕಾಂಟ್ಯಾಕ್ಟ್ ಟೆಸ್ಟ್ ಮಾಡಿ. 1/8 ಇಂಚು ಕಣ್ಣಿನ ಲೋಹದ ಜಾಲರಿಯನ್ನು ಫಿಲ್ಮ್ ತುಂಬಿದ ಕ್ಯಾಸೆಟ್ ಮೇಲೆ ಹರಡಿ, 100 ಸೆಂ.ಮೀ. ದೂರದಿಂದ 50 ಕೆವಿ, 5 ಎಂಎಎಸ್ ಕೊಡಿ. ತೊಳೆದ ಫಿಲ್ಮನ್ನು ಎರಡು ಮೀಟರ್ ಹಿಂದೆ ನಿಂತು ನೋಡಿ. ಜಾಲರಿ ಕಲಸಿ ಕಪ್ಪಗೆ ಕಂಡ ಜಾಗದಲ್ಲಿ ಸ್ಕ್ರೀನು ಫಿಲ್ಮಿಗೆ ಒತ್ತಿಕೊಂಡಿಲ್ಲ. ಸೊಟ್ಟಗಾದ ಹಿಂಜ್, ಸಡಿಲ ಲಾಕ್, ಕುಗ್ಗಿದ ಫೋಮ್ ನೋಡಿ.

ಪ್ರಶ್ನೆ (ಚಿಂತಾಮಣಿ, ಸಿಆರ್ ಯೂನಿಟ್, ಅಂದರೆ ಫಿಲ್ಮ್ ಬದಲು ಪ್ಲೇಟ್ ಓದಿ ಕಂಪ್ಯೂಟರಲ್ಲಿ ಚಿತ್ರ ಕೊಡುವ ವ್ಯವಸ್ಥೆ): ಹಿಂದಿನ ರೋಗಿಯ ನೆರಳು ಮುಂದಿನವರ ಚಿತ್ರದಲ್ಲಿ ಬರ್ತಿದೆ ಸರ್.

ಉತ್ತರ (ಕೋಲಾರ, ಬಯೋಮೆಡಿಕಲ್ ಎಂಜಿನಿಯರ್): ಸಿಆರ್ ಪ್ಲೇಟಲ್ಲಿರೋದು ಯುರೋಪಿಯಂ ಬೆರೆಸಿದ ಬೇರಿಯಂ ಫ್ಲೋರೋಬ್ರೋಮೈಡ್ ಜಾತಿಯ ಲೇಪ. ಇದು ಎಕ್ಸ್‌ರೇ ಬಿದ್ದ ಕೂಡಲೇ ಪೂರ್ತಿ ಬೆಳಕು ಬಿಡಲ್ಲ, ಒಂದಷ್ಟು ಹಿಡಿದಿಟ್ಟುಕೊಳ್ಳುತ್ತೆ. ರೀಡರ್ ಒಳಗೆ ಕೆಂಪು ಲೇಸರ್ ತಾಗಿದಾಗ ನೀಲಿ ಬೆಳಕಾಗಿ ಬಿಡುತ್ತೆ. ಓದಿದ ಮೇಲೂ ಉಳಿಕೆ ಇರುತ್ತೆ, ಅದನ್ನು ಅಳಿಸೋದು ಪ್ರಖರ ದೀಪ. ನೆರಳು ಉಳಿದರೆ ಒಂದೋ ದೀಪ ಸೋತಿದೆ, ಇಲ್ಲವೇ ಹಿಂದಿನ ಎಕ್ಸ್‌ಪೋಷರ್ ವಿಪರೀತ ಆಗಿದೆ. ಪೂರ್ಣ ಇರೇಸ್ ಎರಡು ಸಲ ಕೊಟ್ಟು, ಎಕ್ಸ್‌ಪೋಷರ್ ಇಲ್ಲದೆ ಓದಿಸಿ ನೋಡಿ. ಪ್ಲೇಟ್ ಒಂದು ದಿನ ಸುಮ್ಮನೆ ಇದ್ದರೂ ಬಳಸುವ ಮುಂಚೆ ಇರೇಸ್ ಮಾಡಿ, ಸುತ್ತಲಿನ ಸಹಜ ವಿಕಿರಣವೂ ಅದರಲ್ಲಿ ಕೂಡಿಕೊಳ್ಳುತ್ತೆ. ಪ್ಲೇಟ್ ಸಾಗುವ ದಿಕ್ಕಿಗೆ ಉದ್ದ ಗೆರೆ ಬಂದರೆ ಮಾತ್ರ ಪ್ಲೇಟ್ ಬಿಡಿ, ರೀಡರಿನ ಲೈಟ್ ಗೈಡ್ (ಪ್ಲೇಟಿನ ಬೆಳಕು ಹಿಡಿದು ಒಯ್ಯುವ ಭಾಗ) ಮೇಲೆ ಧೂಳು ಕೂತಿದೆ. ಸರ್ವಿಸ್‌ನವರನ್ನು ಕರೆಸಿ.

ಪ್ರಶ್ನೆ (ಕೆಜಿಎಫ್, ವಿದ್ಯಾರ್ಥಿ): ನಮ್ಮ ಗಣಿಯ ಅದಿರಲ್ಲಿರುವ ಷೀಲೈಟ್ ಖನಿಜವೂ ಇದೇ ಕ್ಯಾಲ್ಸಿಯಂ ಟಂಗ್‌ಸ್ಟೇಟಾ ಸರ್?

ಉತ್ತರ (ಕೋಲಾರ): ಹೌದಪ್ಪ, ಅದೇ. 1896ರಲ್ಲಿ ಎಡಿಸನ್ ಎಕ್ಸ್‌ರೇ ಪರದೆಗೆ ಆರಿಸಿಕೊಂಡದ್ದೂ ಇದನ್ನೇ. ಕಲ್ಲಿನಲ್ಲಿ ಮಾಲಿಬ್ಡಿನಂ ಸೇರಿದ್ದರೆ ನೀಲಿ ಹೋಗಿ ಹಳದಿ ಹೊಳೆಯುತ್ತೆ, ಅದಕ್ಕೇ ಸ್ಕ್ರೀನಿಗೆ ಶುದ್ಧವಾಗಿ ತಯಾರಿಸಿದ ಪುಡಿ ಬೇಕು. ನೋಡಲು ಎಕ್ಸ್‌ರೇ ಬೇಡ. 254 ನ್ಯಾನೋಮೀಟರ್ ಯುವಿ ದೀಪ, ಕಣ್ಣಿಗೆ ಯುವಿ ಕನ್ನಡಕ ಸಾಕು. ನೋಟು ಪರೀಕ್ಷಿಸುವ 365ರ ದೀಪಕ್ಕೆ ಷೀಲೈಟ್ ಸಾಮಾನ್ಯವಾಗಿ ಹೊಳೆಯಲ್ಲ. ಆದರೆ ಕಲ್ಲಿಗಾಗಿ ಸೈನೈಡ್ ಗುಡ್ಡ (ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿ) ಕೆದಕಬೇಡ, ಆ ನುಣ್ಣನೆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ಮಾದರಿ ಕೇಳು.

ಪಾವಗಡ: ಮೇಡಂ, ನೋಡಿದೆ. ಮೂರು ಕ್ಯಾಸೆಟ್ ಹಸಿರು, ಮೂಲೆಯಲ್ಲಿದ್ದ ಹಳೇದೊಂದು ನೀಲಿ. ಡಬ್ಬದ ಮೇಲೆ ‘ಬ್ಲೂ ಸೆನ್ಸಿಟಿವ್’ ಅಂತಲೇ ಇದೆ.

ಉತ್ತರ (ತುಮಕೂರು): ಹಾಗಾದರೆ ಒಡೆಯದ ಡಬ್ಬ ವಾಪಸ್ ಕೊಟ್ಟು ಆರ್ಥೋ ತನ್ನಿ. ಒಡೆದಿದ್ದನ್ನು ಆ ನೀಲಿ ಕ್ಯಾಸೆಟ್‌ಗೆ ಮಾತ್ರ ಬಳಸಿ, ಎರಡಕ್ಕೂ ಬೇರೆ ಬೇರೆ ಬಣ್ಣದ ಟೇಪ್ ಅಂಟಿಸಿ. ಎಂಎಎಸ್ ಇವತ್ತೇ ಹಳೇ ಚಾರ್ಟಿಗೆ ಇಳಿಸಿ.