ಕೊಡಗಿನ ಐಷಾರಾಮಿ ರೆಸಾರ್ಟ್: ಮಳೆಗಾಲದ ರಿಯಾಯಿತಿ ದರ

ಬಯಲುಸೀಮೆಯವ: ಆಗಸ್ಟ್‌ನಲ್ಲಿ ತಂದೆತಾಯಿಯೊಂದಿಗೆ ಮಡಿಕೇರಿ ಸಮೀಪದ ಪಂಚತಾರಾ ರೆಸಾರ್ಟ್‌ನಲ್ಲಿ ತಂಗಬೇಕೆಂದಿದ್ದೇನೆ. ಒಂದೇ ಕೋಣೆಗೆ ಬುಕಿಂಗ್ ತಾಣಗಳು ಬೇರೆ ಬೇರೆ ದರ ತೋರಿಸುತ್ತಿವೆ; ಯಾವುದನ್ನು ನಂಬಬೇಕೆಂದು ತಿಳಿದವರು ದಯವಿಟ್ಟು ಹೇಳಿ.

ಕಾವೇರಿತೀರ: ತೆರಿಗೆ ಸೇರಿದ ಕೊನೆಯ ಪುಟದ ಮೊತ್ತವನ್ನೇ ಹೋಲಿಸಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಶೇ 5, ಅದನ್ನು ಮೀರಿದರೆ ಶೇ 18 ಜಿಎಸ್‌ಟಿ ಇದ್ದು, ತೆರಿಗೆ ಬೀಳುವುದು ವಾಸ್ತವವಾಗಿ ವಿಧಿಸಿದ ಬಾಡಿಗೆಯ ಮೇಲಾದ್ದರಿಂದ, ರೆಸಾರ್ಟ್ 8,000ದ ಕೋಣೆಯನ್ನು 7,400ಕ್ಕೆ ಇಳಿಸಿದರೆ ನೀವು ತೆರುವುದು 9,440ರ ಬದಲು 7,770 ಮಾತ್ರ.

ಕಾಫಿಗಿಡ: ಆ ದರವನ್ನು ತಿಳಿಸಿ ರೆಸಾರ್ಟ್‌ಗೇ ಕರೆ ಮಾಡಿ, ತಾಣದ ಕಮಿಷನ್ ಉಳಿಯುವುದರಿಂದ ಉಪಾಹಾರವನ್ನಾದರೂ ಸೇರಿಸಿಕೊಡುವುದುಂಟು. ಆಗಸ್ಟ್ 15ರ ಆಸುಪಾಸು ಮಾತ್ರ ಬೇಡ, ಅರ್ಧ ಬೆಂಗಳೂರು ಅಲ್ಲೇ ಇರುತ್ತದೆ.

ಘಟ್ಟದಾರಿ: ಅತಿ ಅಗ್ಗದ ದರಗಳು ಹೆಚ್ಚಾಗಿ ಹಣ ಮರಳಿಸದ ಷರತ್ತಿನವು. ಮಳೆಗೆ ಗುಡ್ಡ ಕುಸಿದು ರಸ್ತೆ ಮುಚ್ಚಬಹುದಾದ ತಿಂಗಳಿನಲ್ಲಿ, ತುಸು ಹೆಚ್ಚಾದರೂ ಉಚಿತ ರದ್ದತಿಯ ದರವನ್ನೇ ಆರಿಸಿ.