2023ರ ಫೇರ್‌ಫ್ಯಾಕ್ಸ್ ಕೌಂಟಿ: ಒಂದು ವರ್ಷದ ಘಟನೆಗಳನ್ನೂ ಅಪರಾಧಗಳನ್ನೂ ಹೇಗೆ ದಾಖಲಿಸಬೇಕು?

ಪ್ರಶ್ನೆ: ಸೆಂಟರ್‌ವಿಲ್ ಓದುಗ

ಎಲ್ಲರಿಗೂ ನಮಸ್ಕಾರ. ಅಮೆರಿಕದ ವರ್ಜೀನಿಯಾ ರಾಜ್ಯದ ಫೇರ್‌ಫ್ಯಾಕ್ಸ್ ಕೌಂಟಿಗೆ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಹೊಸದಾಗಿ ಬಂದು ನೆಲೆಸುವ ಕನ್ನಡ ಕುಟುಂಬಗಳಿಗಾಗಿ ಒಂದು ಪುಟ್ಟ ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇನೆ. ಶಾಲೆ, ವೈದ್ಯರು, ಬಸ್ಸು ಮತ್ತು ರೈಲುಗಳ ವಿವರಗಳ ಜೊತೆಗೆ, ಈ ಊರಿನ ಒಂದು ವರ್ಷ ಹೇಗಿರುತ್ತದೆ ಎಂಬುದನ್ನು ತೋರಿಸುವ ಒಂದು ಅಧ್ಯಾಯವೂ ಅದರಲ್ಲಿರಬೇಕೆಂಬುದು ನನ್ನ ಆಸೆ. ಅದಕ್ಕಾಗಿ 2023ನೆಯ ಇಸವಿಯನ್ನು ಆರಿಸಿಕೊಂಡು ಹಳೆಯ ಸುದ್ದಿಗಳನ್ನೆಲ್ಲ ಓದತೊಡಗಿದೆ. ಫೆಬ್ರವರಿಯಲ್ಲಿ ಟೈಸನ್ಸ್‌ನ ಮಾಲ್ ಬಳಿ ಪೊಲೀಸರ ಗುಂಡಿಗೆ ಒಬ್ಬ ಬಲಿ, ಮೇ ತಿಂಗಳಲ್ಲಿ ಸಂಸದರ ಕಚೇರಿಗೆ ನುಗ್ಗಿದವನಿಂದ ಬೇಸ್‌ಬಾಲ್ ದಾಂಡಿನ ಹಲ್ಲೆ, ನಡುನಡುವೆ ಕಾರುಗಳ ಕಳವು, ಅಂಗಡಿಗಳಲ್ಲಿ ಕಳವು: ಇವುಗಳನ್ನು ಒಂದರ ಕೆಳಗೊಂದು ಬರೆದು ನೋಡಿದರೆ, ನಾವು ದಿನವೂ ಮಕ್ಕಳನ್ನು ಶಾಲೆಗೆ ಬಿಟ್ಟು ನೆಮ್ಮದಿಯಾಗಿ ಮನೆಗೆ ಮರಳುವ ಊರು ಇದೇನಾ ಎಂದು ಸಂಶಯವಾಗುತ್ತದೆ. ಅವನ್ನು ಬಿಟ್ಟು ಬರೆದರೆ ಅದು ಮನೆ ಮಾರುವವರ ಜಾಹೀರಾತಿನಂತೆ ಕಾಣುತ್ತದೆ. ಓದುವವರನ್ನು ಹೆದರಿಸದೆ, ಆದರೆ ಏನನ್ನೂ ಮರೆಮಾಚದೆ, ಇಂಥ ಒಂದು ವರ್ಷವನ್ನು ದಾಖಲಿಸುವ ಸರಿಯಾದ ಕ್ರಮ ಯಾವುದು? ಬಹುಕಾಲದಿಂದ ಇಲ್ಲಿರುವವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ: ವಿಯೆನ್ನಾ ನಿವಾಸಿ

ತಾವು ಕೈಗೆತ್ತಿಕೊಂಡಿರುವ ಕೆಲಸ ಬಹಳ ಉಪಯುಕ್ತವಾದದ್ದು. ಮೊದಲು ಗಮನಿಸಬೇಕಾದದ್ದು, ಒಂದು ಘಟನೆ ನಡೆದ ಜಾಗ ನಿಜಕ್ಕೂ ಕೌಂಟಿಯೊಳಗಿದೆಯೇ ಎಂಬುದನ್ನು. ವರ್ಜೀನಿಯಾದಲ್ಲಿ ಸ್ವತಂತ್ರ ನಗರಗಳು ಯಾವ ಕೌಂಟಿಗೂ ಸೇರುವುದಿಲ್ಲ. ಫೇರ್‌ಫ್ಯಾಕ್ಸ್ ನಗರ ಮತ್ತು ಫಾಲ್ಸ್ ಚರ್ಚ್ ನಗರ ಎರಡೂ ಹಾಗೆ ಕೌಂಟಿಯ ಆಡಳಿತದಿಂದ ಹೊರಗಿವೆ. ಎರಡಕ್ಕೂ ಸ್ವಂತ ಪೊಲೀಸ್ ಇಲಾಖೆಯಿದೆ. ನಾನಿರುವ ವಿಯೆನ್ನಾ ಮತ್ತು ಅತ್ತ ಹರ್ನ್‌ಡನ್ ಪಟ್ಟಣಗಳು ಕೌಂಟಿಗೆ ಸೇರಿದವಾದರೂ ಅವಕ್ಕೂ ತಮ್ಮದೇ ಪೊಲೀಸರಿದ್ದಾರೆ. ಹೆದ್ದಾರಿಗಳಲ್ಲಿ ರಾಜ್ಯ ಪೊಲೀಸರು, ಮೆಟ್ರೋ ನಿಲ್ದಾಣಗಳಲ್ಲಿ ಮೆಟ್ರೋ ಪೊಲೀಸರು, ಡಲ್ಲೆಸ್ ವಿಮಾನ ನಿಲ್ದಾಣದಲ್ಲಿ ಅದರದೇ ಪೊಲೀಸರು ಕೆಲಸ ಮಾಡುತ್ತಾರೆ. ಶೆರಿಫ್ ಕಚೇರಿಯ ಮುಖ್ಯ ಹೊಣೆ ಜೈಲು ಮತ್ತು ನ್ಯಾಯಾಲಯದ ಭದ್ರತೆ. ಹೀಗಿರುವಾಗ ಕೌಂಟಿ ಪೊಲೀಸರ ವಾರ್ಷಿಕ ಅಂಕಿಗಳನ್ನಷ್ಟೇ ತೆಗೆದುಕೊಂಡರೆ ಕೌಂಟಿಯ ಪೂರ್ತಿ ಲೆಕ್ಕ ಸಿಕ್ಕಂತಾಗುವುದಿಲ್ಲ.

ತಾವು ಹೇಳಿದ ದಾಂಡಿನ ಹಲ್ಲೆಯನ್ನೇ ನೋಡಿ. 2023ರ ಮೇ 15ರಂದು ಆಗಿನ ಸಂಸದ ಜೆರಿ ಕಾನಲಿ ಅವರ ಕಚೇರಿಗೆ ಒಬ್ಬ ವ್ಯಕ್ತಿ ನುಗ್ಗಿ ಇಬ್ಬರು ಸಿಬ್ಬಂದಿಯನ್ನು ಗಾಯಗೊಳಿಸಿದ. ಅವರಲ್ಲಿ ಒಬ್ಬರಿಗೆ ಅದು ತರಬೇತಿಯ ಮೊದಲ ದಿನವಾಗಿತ್ತು. ಸಂಸದರು ಆಗ ಕಚೇರಿಯಲ್ಲಿರಲಿಲ್ಲ. ಆ ಕಚೇರಿ ಇದ್ದದ್ದು ಫೇರ್‌ಫ್ಯಾಕ್ಸ್ ನಗರದಲ್ಲಿ, ಆದ್ದರಿಂದ ಅವನನ್ನು ಬಂಧಿಸಿದವರು ನಗರದ ಪೊಲೀಸರು. ಕೌಂಟಿಯ ಜನರೆಲ್ಲ ಅದನ್ನು ತಮ್ಮ ಊರಿನ ಘಟನೆಯೆಂದೇ ನೆನೆಯುತ್ತಾರೆ, ಮತ್ತು ಅದು ಸಹಜವೂ ಹೌದು. ಆದರೆ ಲೆಕ್ಕದ ಪುಸ್ತಕದಲ್ಲಿ ಅದರ ಜಾಗ ಬೇರೆ.

ಅಂಚೆ ವಿಳಾಸದಿಂದಲೂ ಇಂಥದೇ ಗೊಂದಲವಾಗುತ್ತದೆ. ಕೌಂಟಿಯ ದಕ್ಷಿಣದಲ್ಲಿ ರಿಚ್ಮಂಡ್ ಹೆದ್ದಾರಿಯ ಉದ್ದಕ್ಕೂ ಇರುವ ಮನೆಗಳ ವಿಳಾಸದಲ್ಲಿ ‘ಅಲೆಕ್ಸಾಂಡ್ರಿಯಾ’ ಎಂದಿರುತ್ತದೆ, ಆದರೆ ಅವು ಅಲೆಕ್ಸಾಂಡ್ರಿಯಾ ನಗರಕ್ಕೆ ಸೇರಿದವಲ್ಲ. ಆದ್ದರಿಂದ ಪ್ರತಿ ಘಟನೆಯ ಮುಂದೆಯೂ ಅದು ಯಾವ ಪೊಲೀಸರ ವ್ಯಾಪ್ತಿಗೆ ಬಂತೆಂಬುದನ್ನು ತಾವು ನಮೂದಿಸಿದರೆ ಹೊಸಬರಿಗೆ ಅರ್ಧ ಊರು ಅಲ್ಲೇ ಪರಿಚಯವಾಗುತ್ತದೆ.

ಅಂಕಿಗಳ ಬಗ್ಗೆ ಇನ್ನೊಂದು ಮಾತು. ಕೌಂಟಿಯ ಜನಸಂಖ್ಯೆ 2020ರ ಗಣತಿಯಂತೆ 11,50,309. ಟೈಸನ್ಸ್‌ನಲ್ಲಿ ವಾಸಿಸುವವರು ಸುಮಾರು 26 ಸಾವಿರ ಮಾತ್ರ, ಆದರೆ ಕೆಲಸಕ್ಕೂ ಖರೀದಿಗೂ ದಿನವೂ ಅಲ್ಲಿಗೆ ಬಂದುಹೋಗುವವರು ಅದರ ಹಲವು ಪಟ್ಟು. ಅಲ್ಲಿನ ಅಂಗಡಿ ಕಳವುಗಳನ್ನು ನಿವಾಸಿಗಳ ಸಂಖ್ಯೆಯಿಂದ ಭಾಗಿಸಿ ‘ಅಪಾಯದ ಪ್ರದೇಶ’ ಎಂದು ಬಣ್ಣ ಹಚ್ಚುವ ನಕ್ಷೆಗಳು ಜಾಲತಾಣಗಳಲ್ಲಿ ಬೇಕಾದಷ್ಟಿವೆ. ಅವುಗಳನ್ನು ದಯವಿಟ್ಟು ಕೈಪಿಡಿಗೆ ತರಬೇಡಿ. ವರ್ಜೀನಿಯಾ ರಾಜ್ಯ ಪೊಲೀಸರು ಪ್ರತಿವರ್ಷ ಪ್ರಕಟಿಸುವ ಅಪರಾಧ ವರದಿಯಲ್ಲಿ ಪ್ರತಿ ಇಲಾಖೆಯ ಲೆಕ್ಕವೂ ಬೇರೆಬೇರೆಯಾಗಿ ಸಿಗುತ್ತದೆ. ಎಫ್‌ಬಿಐ 2021ರಲ್ಲಿ ಲೆಕ್ಕದ ಪದ್ಧತಿಯನ್ನು ಬದಲಿಸಿದಾಗ ದೇಶದ ಅನೇಕ ಇಲಾಖೆಗಳ ಮಾಹಿತಿಯೇ ಸೇರದೆ ಹೋಯಿತು. ವರ್ಜೀನಿಯಾ ಅದಕ್ಕೂ ಬಹಳ ಮೊದಲೇ ಹೊಸ ಪದ್ಧತಿಗೆ ಬಂದಿದ್ದರಿಂದ ಇಲ್ಲಿ ವರ್ಷದಿಂದ ವರ್ಷಕ್ಕೆ ಹೋಲಿಸುವುದು ಸಾಧ್ಯ.

ಉತ್ತರ: ಕಾನೂನು ಓದಿದವಳು

ಟೈಸನ್ಸ್ ಪ್ರಕರಣಕ್ಕೆ ತಮ್ಮ ಅಧ್ಯಾಯದಲ್ಲಿ ಹೆಚ್ಚಿನ ಜಾಗ ಕೊಡಬೇಕೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಆ ವರ್ಷ ಈ ಕೌಂಟಿ ತನ್ನ ಪೊಲೀಸರ ಬಗ್ಗೆ, ತನ್ನ ನ್ಯಾಯವ್ಯವಸ್ಥೆಯ ಬಗ್ಗೆ ಯೋಚಿಸಿದ್ದು ಬಹುಮಟ್ಟಿಗೆ ಅದರ ಮೂಲಕವೇ.

ನಡೆದದ್ದು ಇಷ್ಟು. 2023ರ ಫೆಬ್ರವರಿ 22ರ ಸಂಜೆ, ಟೈಸನ್ಸ್ ಕಾರ್ನರ್ ಸೆಂಟರ್‌ನ ಒಂದು ಮಳಿಗೆಯಿಂದ ತಂಪು ಕನ್ನಡಕಗಳನ್ನು ಕದ್ದನೆಂಬ ಶಂಕೆಯ ಮೇಲೆ ಪೊಲೀಸರು ಒಬ್ಬ ವ್ಯಕ್ತಿಯ ಬೆನ್ನಟ್ಟಿದರು. ಓಟ ವಾಹನ ನಿಲುಗಡೆಯ ಜಾಗವನ್ನು ದಾಟಿ ಪಕ್ಕದ ಮರಗಳ ಗುಂಪಿನೊಳಕ್ಕೆ ಹೋಯಿತು. ಆ ಕತ್ತಲಿನಲ್ಲಿ ಇಬ್ಬರು ಅಧಿಕಾರಿಗಳು ಗುಂಡು ಹಾರಿಸಿದರು, ಆತ ಸತ್ತ. ಆತನ ಬಳಿ ಯಾವ ಆಯುಧವೂ ಇರಲಿಲ್ಲ. ಒಂದು ತಿಂಗಳ ನಂತರ, ಮಾರ್ಚ್ 23ರಂದು, ಅಧಿಕಾರಿಗಳ ಮೈಮೇಲಿನ ಕ್ಯಾಮೆರಾದ ದೃಶ್ಯಗಳನ್ನು ಬಹಿರಂಗಪಡಿಸಲಾಯಿತು. ಗುಂಡು ಹಾರಿಸಿದವರಲ್ಲಿ ಒಬ್ಬರಾದ ಸಾರ್ಜೆಂಟ್ ಕೆಲಸ ಕಳೆದುಕೊಂಡರು.

ಇನ್ನು ಮುಂದಿನದು 2023ರೊಳಗೆ ಮುಗಿಯುವುದಿಲ್ಲ. ಏಪ್ರಿಲ್‌ನಲ್ಲಿ ಗ್ರ್ಯಾಂಡ್ ಜ್ಯೂರಿ, ಅಂದರೆ ಮೊಕದ್ದಮೆ ನಡೆಸುವಷ್ಟು ಆಧಾರವಿದೆಯೇ ಎಂದು ನಿರ್ಧರಿಸುವ ನಾಗರಿಕರ ಮಂಡಳಿ, ಸಾರ್ಜೆಂಟ್ ವಿರುದ್ಧ ದೋಷಾರೋಪ ಹೊರಿಸಲು ಒಪ್ಪಲಿಲ್ಲ. ಕೌಂಟಿಯ ಚುನಾಯಿತ ಮುಖ್ಯ ಅಭಿಯೋಜಕರಾದ ಸ್ಟೀವ್ ಡೆಸ್ಕಾನೊ ಅವರು ವಿಶೇಷ ಗ್ರ್ಯಾಂಡ್ ಜ್ಯೂರಿಯನ್ನು ಕೋರಿದರು, ಅದು ಅಕ್ಟೋಬರ್‌ನಲ್ಲಿ ದೋಷಾರೋಪ ಹೊರಿಸಿತು. ಮುಂದಿನ ವರ್ಷ ವಿಚಾರಣೆ ನಡೆದು, ಅಕ್ಟೋಬರ್‌ನಲ್ಲಿ ಜ್ಯೂರಿಯು ಉದ್ದೇಶವಿಲ್ಲದ ನರಹತ್ಯೆಯ ಆರೋಪದಿಂದ ಅವರನ್ನು ಬಿಡುಗಡೆ ಮಾಡಿ, ಬಂದೂಕನ್ನು ಅಜಾಗರೂಕತೆಯಿಂದ ಬಳಸಿದ ಆರೋಪದಲ್ಲಿ ಮಾತ್ರ ತಪ್ಪಿತಸ್ಥರೆಂದು ನಿರ್ಣಯಿಸಿತು. 2025ರ ಫೆಬ್ರವರಿ ಕೊನೆಗೆ ಮೂರು ವರ್ಷಗಳ ಸೆರೆವಾಸ ವಿಧಿಸಲಾಯಿತು. ಎರಡೇ ದಿನಗಳಲ್ಲಿ ಆಗಿನ ರಾಜ್ಯಪಾಲ ಗ್ಲೆನ್ ಯಂಗ್ಕಿನ್ ಅವರು ತಮ್ಮ ಕ್ಷಮಾಧಿಕಾರ ಬಳಸಿ ಆ ಶಿಕ್ಷೆಯನ್ನು ಕೊನೆಗೊಳಿಸಿದರು. ಆ ಆದೇಶದಿಂದ ಅಪರಾಧದ ನಿರ್ಣಯ ಮಾತ್ರ ರದ್ದಾಗಲಿಲ್ಲ.

ಇದನ್ನು ‘ಫೆಬ್ರವರಿ: ಪೊಲೀಸರ ಗುಂಡಿಗೆ ಒಬ್ಬ ಬಲಿ’ ಎಂಬ ಒಂದು ಸಾಲಿನಲ್ಲಿ ಬರೆದರೆ ಓದುಗರಿಗೆ ಏನೂ ತಿಳಿಯುವುದಿಲ್ಲ. ಬಂಧನದ ಸುದ್ದಿ ದೊಡ್ಡದಾಗಿ ಬರುತ್ತದೆ, ತೀರ್ಪಿನ ಸುದ್ದಿ ಎರಡು ವರ್ಷಗಳ ನಂತರ ಒಂದು ಮೂಲೆಯಲ್ಲಿ ಬರುತ್ತದೆ. ಕೈಪಿಡಿ ಬರೆಯುವವರು ಈ ಎರಡನ್ನೂ ಜೋಡಿಸಿಕೊಡಬೇಕು. ಬಂಧಿತರ ಹೆಸರುಗಳನ್ನು ಬರೆಯಲೇಬೇಡಿ. ಬಂಧನವಾದ ಮಾತ್ರಕ್ಕೆ ಅಪರಾಧ ಸಾಬೀತಾಗುವುದಿಲ್ಲ, ಮತ್ತು ಆರೋಪ ಬಿದ್ದುಹೋದ ಮೇಲೂ ಮುದ್ರಿತ ಹೆಸರು ಆ ಮನುಷ್ಯನನ್ನು ಬಿಡುವುದಿಲ್ಲ.

ಅಂಗಡಿ ಕಳವಿನ ಕಾನೂನನ್ನೂ ಒಂದೆರಡು ಸಾಲಿನಲ್ಲಿ ಹೇಳಿದರೆ ಒಳ್ಳೆಯದು. ವರ್ಜೀನಿಯಾದಲ್ಲಿ 2020ರ ಜುಲೈನಿಂದ ಸಾವಿರ ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯ ಕಳವು ಗುರುತರ ಅಪರಾಧ, ಅಂದರೆ ಫೆಲನಿ. ಅದಕ್ಕೆ ಮೊದಲು ಆ ಗಡಿ 500 ಡಾಲರ್ ಇತ್ತು. 2023ರ ಜುಲೈ 1ರಿಂದ ಸಂಘಟಿತ ಅಂಗಡಿ ಕಳವಿಗೆ ಪ್ರತ್ಯೇಕ ಕಾನೂನು ಬಂತು: 90 ದಿನಗಳ ಅವಧಿಯಲ್ಲಿ ಒಟ್ಟು 5,000 ಡಾಲರಿಗಿಂತ ಹೆಚ್ಚಿನ ಮಾಲನ್ನು ಮರುಮಾರಾಟಕ್ಕೆಂದು ಸೇರಿ ಕದ್ದರೆ ಅದು ಬೇರೆಯೇ ಫೆಲನಿಯಾಗುತ್ತದೆ. ಗಡಿ ಬದಲಾದಾಗ ಅಪರಾಧದ ಹೆಸರೂ ಬದಲಾಗುವುದರಿಂದ, ‘ಗುರುತರ ಕಳವು ಕಡಿಮೆಯಾಯಿತು’ ಎಂಬಂಥ ವಾಕ್ಯವನ್ನು ಬರೆಯುವ ಮುನ್ನ ಇದನ್ನು ನೆನಪಿನಲ್ಲಿಡಬೇಕು.

ಉತ್ತರ: ರೆಸ್ಟನ್ ಅಜ್ಜ

ಮೇಲಿನ ಎರಡೂ ಉತ್ತರಗಳು ಬಹಳ ಚೆನ್ನಾಗಿವೆ. ಆದರೆ ನಮ್ಮಂಥ ಮನೆಗಳಿಗೆ ಬಾಗಿಲವರೆಗೆ ಬರುವ ಅಪರಾಧ ಬೇರೆ ಬಗೆಯದು, ಅದಕ್ಕೆ ದೊಡ್ಡ ಸುದ್ದಿಯ ಗೌರವ ಸಿಗುವುದಿಲ್ಲ. ನನ್ನ ನೆರೆಯ ಒಬ್ಬ ಹಿರಿಯ ಮಹಿಳೆ ವಿದ್ಯುತ್ ಬಿಲ್ಲಿಗೆಂದು ಬರೆದ ಚೆಕ್ಕನ್ನು ರಸ್ತೆಬದಿಯ ನೀಲಿ ಅಂಚೆ ಪೆಟ್ಟಿಗೆಗೆ ಹಾಕಿದ್ದರು. ಬ್ಯಾಂಕಿನಿಂದ ಬಂದ ಚೆಕ್ಕಿನ ಪ್ರತಿಯನ್ನು ಅವರು ನನಗೆ ತೋರಿಸಿದಾಗ ಸಹಿ ಅವರದೇ ಆಗಿತ್ತು, ದಿನಾಂಕವೂ ಅವರದೇ ಕೈಬರಹದಲ್ಲಿತ್ತು; ಹಣ ಪಡೆಯುವವರ ಹೆಸರಿನ ಸಾಲಿನಲ್ಲಿ ಮತ್ತು ಮೊತ್ತದ ಚೌಕದಲ್ಲಿ ಮಾತ್ರ ಕಾಗದ ಸ್ವಲ್ಪ ಪೇಲವವಾಗಿ, ಅದರ ಮೇಲೆ ಬೇರೆಯವರ ಬರಹವಿತ್ತು. ಕಳ್ಳರು ಅಂಟು ಸವರಿದ ವಸ್ತುವನ್ನು ದಾರಕ್ಕೆ ಕಟ್ಟಿ ಪೆಟ್ಟಿಗೆಯೊಳಗೆ ಇಳಿಬಿಟ್ಟು ಲಕೋಟೆಗಳನ್ನು ಎತ್ತುತ್ತಾರೆ, ಇಲ್ಲವೇ ಅಂಚೆಯವರಿಂದ ಕಸಿದ ಕೀಲಿಯಿಂದ ಪೆಟ್ಟಿಗೆಯನ್ನೇ ತೆರೆಯುತ್ತಾರೆ. ಆಮೇಲೆ ರಾಸಾಯನಿಕದಿಂದ ಶಾಯಿಯನ್ನು ತೊಳೆದು, ಸಹಿಯನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಒಂದೇ ಕೀಲಿ ಒಂದು ಪ್ರದೇಶದ ಅನೇಕ ಪೆಟ್ಟಿಗೆಗಳನ್ನು ತೆರೆಯುವುದರಿಂದಲೇ ದೇಶದ ಅನೇಕ ಕಡೆ ಅಂಚೆಯವರ ಮೇಲೆ ದರೋಡೆಗಳಾದವು. ಅಮೆರಿಕದ ಅಂಚೆ ಇಲಾಖೆ 2023ರ ಮೇ ತಿಂಗಳಲ್ಲಿ ಹೆಚ್ಚು ಭದ್ರವಾದ 12,000 ಪೆಟ್ಟಿಗೆಗಳನ್ನು ಇಡುವುದಾಗಿಯೂ 49,000 ಹಳೆಯ ಬೀಗಗಳ ಬದಲು ಎಲೆಕ್ಟ್ರಾನಿಕ್ ಬೀಗಗಳನ್ನು ಹಾಕುವುದಾಗಿಯೂ ಪ್ರಕಟಿಸಿತು. ಚೆಕ್ಕನ್ನು ಅಂಚೆ ಕಚೇರಿಯ ಒಳಗೇ ಕೊಡುವುದು, ಸುಲಭವಾಗಿ ತೊಳೆದುಹೋಗದ ಜೆಲ್ ಪೆನ್ನಿನಿಂದ ಬರೆಯುವುದು, ಪ್ರತಿ ವಾರ ಖಾತೆಯನ್ನು ನೋಡುವುದು: ಇಷ್ಟನ್ನು ಕೈಪಿಡಿಯಲ್ಲಿ ದಪ್ಪ ಅಕ್ಷರಗಳಲ್ಲಿ ಹಾಕಿ.

ಕಾರಿನ ಕಳವಿಗೂ ಆ ವರ್ಷ ಒಂದು ನಿರ್ದಿಷ್ಟ ಕಾರಣವಿತ್ತು. ಕಿಯಾ ಮತ್ತು ಹ್ಯುಂಡೈ ಕಂಪನಿಗಳು ಅಮೆರಿಕದಲ್ಲಿ ಮಾರಿದ, ಕೀಲಿ ತಿರುಗಿಸಿ ಚಾಲೂ ಮಾಡುವ ಅನೇಕ ಕಾರುಗಳಲ್ಲಿ ಎಂಜಿನ್ನನ್ನು ತಡೆಯುವ ಇಮ್ಮೊಬಿಲೈಸರ್ ಇರಲಿಲ್ಲ. ಅವನ್ನು ಕದಿಯುವ ವಿಧಾನ ಟಿಕ್‌ಟಾಕ್‌ನಲ್ಲಿ ಹರಡಿ ದೇಶದ ತುಂಬ ಕಳವುಗಳಾದವು. 2023ರ ಫೆಬ್ರವರಿಯಲ್ಲಿ ಹ್ಯುಂಡೈ ಉಚಿತ ಸಾಫ್ಟ್‌ವೇರ್ ಪರಿಹಾರ ಕೊಡತೊಡಗಿತು. ಹಳೆಯ ಕಾರನ್ನು ಕೊಳ್ಳುವ ಹೊಸಬರು ಆ ಪರಿಹಾರ ಆಗಿದೆಯೇ ಎಂದು ಕೇಳಿ ತಿಳಿಯಬೇಕು.

ವಂಚನೆಯ ವಿಷಯವನ್ನು ದಯವಿಟ್ಟು ಬಿಡಬೇಡಿ. 2023ರಲ್ಲಿ ದೇಶದಾದ್ಯಂತ ಎಫ್‌ಬಿಐಗೆ ಬಂದ ಅಂತರಜಾಲ ಅಪರಾಧದ ದೂರುಗಳಲ್ಲಿ ಜನ ಕಳೆದುಕೊಂಡ ಮೊತ್ತ 1,250 ಕೋಟಿ ಡಾಲರಿಗೂ ಹೆಚ್ಚು. ಅದರಲ್ಲಿ ಸುಮಾರು 340 ಕೋಟಿ 60 ವರ್ಷ ದಾಟಿದವರದು. ಅಧಿಕಾರಿಗಳೆಂದು ಹೇಳಿಕೊಂಡು ಫೋನ್ ಮಾಡಿ, ಖಾತೆಯಲ್ಲಿರುವ ಹಣವನ್ನು ಚಿನ್ನವಾಗಿ ಮಾಡಿಸಿ, ಅದನ್ನು ಮನೆ ಬಾಗಿಲಿಗೆ ಬಂದವನ ಕೈಗೆ ಕೊಡಿಸುವ ವಂಚನೆಯ ಬಗ್ಗೆ ಎಫ್‌ಬಿಐ 2024ರ ಜನವರಿಯಲ್ಲಿ ಎಚ್ಚರಿಕೆ ಕೊಟ್ಟಿತು. ಊರಿನಿಂದ ಬಂದು ಆರು ತಿಂಗಳು ಮಕ್ಕಳ ಮನೆಯಲ್ಲಿರುವ ಹಿರಿಯರು ಹಗಲು ಒಬ್ಬರೇ ಇರುತ್ತಾರೆ, ಫೋನ್ ಎತ್ತುವವರೂ ಅವರೇ. ಯಾವ ಸರ್ಕಾರಿ ಕಚೇರಿಯೂ ಚಿನ್ನವನ್ನು ಕೇಳುವುದಿಲ್ಲ ಎಂಬ ಒಂದು ವಾಕ್ಯವನ್ನು ಅವರಿಗೆ ಮೊದಲ ದಿನವೇ ಹೇಳಿಬಿಡಬೇಕು.

ಉತ್ತರ: ಬರ್ಕ್ ಗೃಹಿಣಿ

ವರ್ಷವೆಂದರೆ ಅಪರಾಧವೊಂದೇ ಅಲ್ಲವಲ್ಲ, ಹಾಗಾಗಿ ಕೆಲವನ್ನು ನೆನಪಿಸುತ್ತೇನೆ. ಮಾರ್ಚ್‌ನಲ್ಲಿ ವರ್ಜೀನಿಯಾದ ಸರ್ವೋಚ್ಚ ನ್ಯಾಯಾಲಯವು ಯಾವ ಜಾಗದಲ್ಲಿ ಏನನ್ನು ಕಟ್ಟಬಹುದೆಂದು ಹೇಳುವ ಕೌಂಟಿಯ ಹೊಸ ವಲಯ ನಿಯಮಾವಳಿಯನ್ನು ಅನೂರ್ಜಿತಗೊಳಿಸಿತು; ಕೌಂಟಿಯನ್ನು ಆಳುವ ಚುನಾಯಿತ ಮೇಲ್ವಿಚಾರಕ ಮಂಡಳಿ 2021ರಲ್ಲಿ ಅದನ್ನು ಆನ್‌ಲೈನ್ ಸಭೆಯಲ್ಲಿ ಅಂಗೀಕರಿಸಿತ್ತೆಂಬುದೇ ಕಾರಣ, ಮೇ ತಿಂಗಳಲ್ಲಿ ಮಂಡಳಿ ಸಾರ್ವಜನಿಕವಾಗಿ ಸೇರಿ ಅದನ್ನು ಮತ್ತೆ ಅಂಗೀಕರಿಸಿತು. ಮನೆಗೆ ಕೋಣೆ ಸೇರಿಸುವವರಿಗೂ ಮನೆಯಿಂದ ವ್ಯಾಪಾರ ಮಾಡುವವರಿಗೂ ಇದು ನೇರವಾಗಿ ತಟ್ಟಿದ ವಿಷಯ. ಮೇ 23ರಂದು, ವಿದ್ಯಾರ್ಥಿಗಳನ್ನು ಆಯ್ಕೆ ಮಾಡಿ ಸೇರಿಸಿಕೊಳ್ಳುವ ಥಾಮಸ್ ಜೆಫರ್ಸನ್ ವಿಜ್ಞಾನ-ತಂತ್ರಜ್ಞಾನ ಪ್ರೌಢಶಾಲೆಯ ಪ್ರವೇಶ ನೀತಿಯನ್ನು ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಭಾರತೀಯ ಮನೆಗಳಲ್ಲಿ ಅದರ ಚರ್ಚೆ ಆಗದ ದಿನವಿರಲಿಲ್ಲ, 2024ರ ಫೆಬ್ರವರಿಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಆ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು.

ಜೂನ್ 4ರ ಭಾನುವಾರ ಮಧ್ಯಾಹ್ನ ಕಿಟಕಿಗಳು ಅದುರುವಂಥ ಸದ್ದು ಕೇಳಿ ನಾವೆಲ್ಲ ಹೊರಗೆ ಓಡಿಬಂದೆವು. ರೇಡಿಯೊ ಕರೆಗಳಿಗೆ ಉತ್ತರ ಕೊಡದೆ ವಾಷಿಂಗ್ಟನ್ ಮೇಲೆ ಹಾರಿಹೋದ ಒಂದು ಖಾಸಗಿ ವಿಮಾನದ ಬೆನ್ನಟ್ಟಿದ ಎಫ್-16 ಯುದ್ಧವಿಮಾನಗಳು ಶಬ್ದದ ವೇಗವನ್ನು ಮೀರಿದ್ದರಿಂದ ಆದ ಸದ್ದು ಅದು. ಆ ವಿಮಾನ ವರ್ಜೀನಿಯಾದ ಗುಡ್ಡಗಳಲ್ಲಿ ಬಿದ್ದು ನಾಲ್ವರು ಸತ್ತರು. ಅದೇ ವಾರ ಕೆನಡಾದ ಕಾಳ್ಗಿಚ್ಚಿನ ಹೊಗೆ ಬಂದು ಮಕ್ಕಳನ್ನು ಹೊರಗೆ ಆಡಲು ಬಿಡದಂತಾಯಿತು. ಆ ವರ್ಷ ಶಾಲೆಗಳ ಬಳಿ ವೇಗ ಅಳೆಯುವ ಕ್ಯಾಮೆರಾಗಳೂ ಬಂದವು, ಅದನ್ನೂ ಬರೆಯಿರಿ. ನಡೆದು ಶಾಲೆಗೆ ಹೋಗುವ ಮಕ್ಕಳಿರುವ ತಾಯಿಯಾಗಿ, ನನಗೆ ಕಳ್ಳರಿಗಿಂತ ವೇಗದ ಕಾರುಗಳ ಭಯವೇ ಹೆಚ್ಚು.

ಪ್ರಶ್ನೆ ಕೇಳಿದವರಿಂದ: ಸೆಂಟರ್‌ವಿಲ್ ಓದುಗ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ತಿಂಗಳುಗಳ ಪಟ್ಟಿಯನ್ನು ಕೈಬಿಟ್ಟು, ಪ್ರತಿ ಪ್ರಕರಣವನ್ನೂ ಅದರ ಪೊಲೀಸ್ ವ್ಯಾಪ್ತಿಯೊಂದಿಗೆ ಆರಂಭಿಸಿ, ನ್ಯಾಯಾಲಯದಲ್ಲಿ ಅದು ಮುಗಿದ ಹಂತದವರೆಗೆ ಬರೆಯಲು ನಿರ್ಧರಿಸಿದ್ದೇನೆ. ಅಜ್ಜನವರು ಹೇಳಿದ ಚೆಕ್ ಮತ್ತು ಚಿನ್ನದ ಎಚ್ಚರಿಕೆಗಳು ಪ್ರತ್ಯೇಕ ಪುಟದಲ್ಲಿ, ಹಿರಿಯರು ಓದಬಲ್ಲಷ್ಟು ದೊಡ್ಡ ಅಕ್ಷರಗಳಲ್ಲಿ ಬರುತ್ತವೆ. ಒಂದೇ ಒಂದು ಸಂದೇಹ: ತೀರ್ಪು ಇನ್ನೂ ಬಾರದ ಪ್ರಕರಣಗಳನ್ನು ಏನು ಮಾಡಬೇಕು?

ಉತ್ತರ: ಕಾನೂನು ಓದಿದವಳು

ಅವುಗಳನ್ನು ‘ವಿಚಾರಣೆಯಲ್ಲಿದೆ’ ಎಂದು ನಮೂದಿಸಿ, ತಾವು ಪರಿಶೀಲಿಸಿದ ದಿನಾಂಕವನ್ನೂ ಪಕ್ಕದಲ್ಲಿ ಬರೆಯಿರಿ. ಪ್ರಕರಣದ ಸ್ಥಿತಿಯನ್ನು ಸಂಬಂಧಪಟ್ಟ ನ್ಯಾಯಾಲಯದಿಂದ ತಿಳಿದುಕೊಳ್ಳಬಹುದು. ಮುಂದಿನ ಆವೃತ್ತಿಗೆ ಮೊದಲು ಆ ಸಾಲುಗಳನ್ನಷ್ಟೇ ಮತ್ತೆ ತೆರೆದು ತಿದ್ದಿದರೆ ಸಾಕು. ಬೇಕಾದರೆ ಆ ಕೆಲಸವನ್ನು ನಾನೇ ಮಾಡಿಕೊಡುತ್ತೇನೆ.