ಬೆಂಗಳೂರಿಂದ ಬಂದ ತುಕ್ಕು

"ಗೋಡೆಗೆ ತುಕ್ಕು ಹಿಡಿಯೋದನ್ನ ಎಲ್ಲಾದ್ರೂ ಕೇಳಿದೀರಾ?" ಎನ್ನುತ್ತ ಸೀನ ಕುರ್ಚಿ ಎಳೆದುಕೊಂಡ. ಕುರ್ಚಿ ಅಂದರೆ ಅರ್ಧಕ್ಕೆ ಕತ್ತರಿಸಿದ ಎಣ್ಣೆ ಡ್ರಮ್ಮು.

ಭದ್ರಾವತಿಯ ಬಿ.ಎಚ್. ರಸ್ತೆಯ ಈ ಹೊಸ ಕೆಫೆಗೆ ನಮ್ಮನ್ನು ಎಳೆದು ತಂದವನು ವಿಶು. ಮಗಳು ಫೋನಿನಲ್ಲಿ ತೋರಿಸಿದ್ದಳಂತೆ. ಗಿಲಾವು ಕಾಣದ ಇಟ್ಟಿಗೆ, ನೀರು ಕಾಣದ ಪೈಪು, ಒಳಗಿನ ತಂತಿಯಷ್ಟೇ ಬೆಳಗುವ ಬಲ್ಬು.

"ಇದಕ್ಕೆ ಇಂಡಸ್ಟ್ರಿಯಲ್ ಲುಕ್ ಅಂತಾರೆ" ಎಂದ ವಿಶು.

"ಹೊರಗೆ ಬಾ, ಬಿಟ್ಟಿ ತೋರಿಸ್ತೀನಿ. ಅಲ್ಲಿ ಒಂದು ಕಾಫಿಗೆ 180 ರೂಪಾಯಿ ಕೇಳಲ್ಲ."

ಕಾಫಿ ತಂದ ಹುಡುಗನನ್ನೂ ಸೀನ ಬಿಡಲಿಲ್ಲ. "ತುಕ್ಕು ಚೆನ್ನಾಗಿ ಬಂದಿದೆಯಪ್ಪ. ಎಷ್ಟು ಮಳೆಗಾಲದ್ದು?"

"ತುಕ್ಕಲ್ಲ ಸರ್, ಪೇಂಟು. ಬೆಂಗಳೂರಿಂದ ತರಿಸಿದ್ದು."

ಸೀನ ತಲೆ ಮೇಲೆ ಕೈ ಹೊತ್ತ. "ಕೇಳಿದ್ರಾ! ಭದ್ರಾವತಿಗೆ ಬೆಂಗಳೂರಿಂದ ತುಕ್ಕು! ಕೆಮ್ಮಣ್ಣುಗುಂಡಿಯಿಂದ ಅದಿರು ಇಳಿಸಿ, ಕಾಡಿನ ಮರ ಇದ್ದಿಲು ಮಾಡಿ, 1923ರಲ್ಲಿ ಕಬ್ಬಿಣ ಕರಗಿಸಿದ ಊರಿದು. ವಿಶ್ವೇಶ್ವರಯ್ಯನವರು ಕೂತು ಲೆಕ್ಕ ನೋಡಿದ ಕಾರ್ಖಾನೆ. ಅಲ್ಲಿ ಟನ್ನುಗಟ್ಟಲೆ ಅಸಲಿ ತುಕ್ಕು ಬಿದ್ದಿದೆ. ಒಂದು ಬುಟ್ಟಿ ಕೇಳಿದ್ರೆ ಕೊಡ್ತಿರಲಿಲ್ವಾ?"

"ಟೆಂಡರ್ ಕರೀಬೇಕಾಗುತ್ತೆ" ಎಂದ ವಿಶು.

ಪುಟ್ಟಣ್ಣನಿಗೆ ಇದ್ಯಾವುದೂ ಕೇಳಿಸುತ್ತಿರಲಿಲ್ಲ. ಗೋಡೆಗೆ ಅಂಟಿಸಿದ್ದ ಹಲ್ಲುಚಕ್ರಗಳನ್ನೇ ದಿಟ್ಟಿಸುತ್ತಿದ್ದ.

"ಆ ದೊಡ್ಡದಕ್ಕೂ ಈ ಚಿಕ್ಕದಕ್ಕೂ ಹಲ್ಲು ಕೂಡಲ್ಲ."

"ಅದು ತಿರುಗಲ್ಲ ಪುಟ್ಟಣ್ಣ. ಸುಮ್ನೆ ಅಂದಕ್ಕೆ."

"ತಿರುಗಿದ್ರೆ?"

"ತಿರುಗಲ್ಲ ಅಂದ್ನಲ್ಲ."

"ಅಕಸ್ಮಾತ್ ತಿರುಗಿದ್ರೆ ಹಲ್ಲು ಮುರಿದು ಕಾಫಿ ಕುಡಿಯೋರ ಮುಖಕ್ಕೇ ಹಾರುತ್ತೆ." ಪುಟ್ಟಣ್ಣ ತನ್ನ ಡ್ರಮ್ಮನ್ನು ಒಂದಡಿ ಈಚೆ ಸರಿಸಿಕೊಂಡ. ಮೇಜು ಕುಂಟಿತು. ಕಪ್ಪುಗಳ ನೊರೆ ತಟ್ಟೆಗಿಳಿಯಿತು.

"ಏನೇ ಅನ್ನಿ, ರಸ್ತೆಗೊಂದು ಕಳೆ ಬಂತು" ಎಂದ ವಿಶು.

"ಕಳೆ ಯಾವಾಗ ಇರಲಿಲ್ಲ?" ಎಂದ ಸೀನ. "ಶಿಫ್ಟ್ ಬಿಟ್ರೆ ಈ ರಸ್ತೆ ದಾಟೋಕೆ ಆಗ್ತಿತ್ತಾ? ಬರೀ ಸೈಕಲ್ಲು. ಸಾಲ ಬರೆದುಕೊಳ್ಳೋ ಅಂಗಡಿಯವನು ಹೆಸರು ಕೇಳ್ತಿರಲಿಲ್ಲ, ಯಾವ ಶಿಫ್ಟು ಅಂತ ಕೇಳ್ತಿದ್ದ. ಈಗ ನೋಡು, ರಸ್ತೆ ಹೆಸರಲ್ಲೇ ಹಣೆಬರಹ ಇದೆ. ಬಿ ಅಂದ್ರೆ ಬೆಂಗಳೂರು, ಎಚ್ ಅಂದ್ರೆ ಹೊನ್ನಾವರ. ನಾವು ಮಧ್ಯದ ಚುಕ್ಕಿ."

ಪೇಪರ್ ಟೌನಿನ ಮಾತು ತೆಗೆದವನು ವಿಶುವೇ. ಅವನ ಅಪ್ಪ ಅಲ್ಲಿನ ಎಂಪಿಎಂ, ಅಂದರೆ ಮೈಸೂರು ಕಾಗದ ಕಾರ್ಖಾನೆಯಲ್ಲಿದ್ದವರು. "ಅಕ್ಕನ್ನ ನೋಡೋಕೆ ಬಂದ ಗಂಡಿನವರು ಮೂಗು ಮುಚ್ಕೊಂಡೇ ಉಪ್ಪಿಟ್ಟು ತಿಂದ್ರು. ಅಪ್ಪ ಏನಂದ್ರು ಗೊತ್ತಾ? 'ಅದು ಸಂಬಳದ ವಾಸನೆ, ಅಭ್ಯಾಸ ಆಗುತ್ತೆ' ಅಂತ."

ನಕ್ಕೆವು. ನಗು ಬೇಗ ನಿಂತಿತು. ಕಾಗದ ಕಾರ್ಖಾನೆ 2015ರಲ್ಲೇ ನಿಂತಿದೆ. ಈಗ ಊರಿನಲ್ಲಿ ಯಾರೂ ಮೂಗು ಮುಚ್ಚಿಕೊಳ್ಳುವುದಿಲ್ಲ.

"ಅದಕ್ಕೂ ಒಂದು ಕೆಫೆ ಬರುತ್ತೆ ಬಿಡು" ಎಂದ ಸೀನ. "ಬಾಗಿಲಲ್ಲಿ ವಾಸನೆ ಸಿಂಪಡಿಸ್ತಾರೆ. ಸೀಸೆ ಬೆಂಗಳೂರಿಂದ." ಈ ಸಲ ಅವನೇ ನಗಲಿಲ್ಲ.

ಬಿಲ್ಲು ಬಂತು, ಒಂದು ನಟ್ಟಿಗೆ ಸಿಕ್ಕಿಸಿಕೊಂಡು. ಯಾರು ಕೊಡಬೇಕು ಎಂಬ ಜಗಳ ನಡೆಯುತ್ತಿದ್ದಾಗ ನೋಡಿದರೆ ಪುಟ್ಟಣ್ಣ ಜಾಗದಲ್ಲಿಲ್ಲ. ಮೇಜಿನ ಕೆಳಗೆ ಕುಕ್ಕರಗಾಲಲ್ಲಿ ಕೂತು ಏನೋ ತಿರುವುತ್ತಿದ್ದ. ಹುಡುಗ ಗಾಬರಿಯಿಂದ ಓಡಿ ಬಂದ.

"ಸರ್, ಏನಾಯ್ತು?"

"ಕಾಲಿನ ನಟ್ಟು ಸಡಿಲ ಆಗಿತ್ತು. ಇನ್ನು ಕುಂಟಲ್ಲ." ಪುಟ್ಟಣ್ಣ ಮಂಡಿ ಹಿಡಿದುಕೊಂಡು ಎದ್ದ. ಬೆರಳಿಗೆ ಕೆಂಪು ಪುಡಿ ಅಂಟಿತ್ತು. ಒರೆಸಿಕೊಳ್ಳಲಿಲ್ಲ. ಮೂಗಿನ ಹತ್ತಿರ ಹಿಡಿದು ಮೂಸಿದ. ಆಮೇಲೆ ಸೀನನ ಮುಂದೆ ಹಿಡಿದ.

"ನೋಡೋ, ಇದು ನಿಜವಾದ್ದು."